ತಪ್ಪು ಪೈಲಟ್ಟಿನದೋ, ಹಿಡಿಕೆಯದೋ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ವಿಮಾನ ಸುರಕ್ಷಿತವಾಗಿ ನೆಲಕ್ಕಿಳಿದು ರನ್‌ವೇ ಮೇಲೆ ಓಡುತ್ತಿರುತ್ತದೆ. ಈಗ ಪೈಲಟ್ ರೆಕ್ಕೆಯ ಫ್ಲ್ಯಾಪ್‌ಗಳನ್ನು ಮೇಲೆತ್ತಬೇಕು. ಅದರ ಬದಲು ಆತ ಚಕ್ರಗಳನ್ನೇ ಮಡಚಿಬಿಡುತ್ತಿದ್ದ! ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಕಡತದಲ್ಲಿ ‘ಪೈಲಟ್‌ನ ತಪ್ಪು’ ಎಂದು ಬರೆದರೆ ಅಲ್ಲಿಗೆ ಮುಗಿಯಿತು.

ಇದನ್ನು ಅಲ್ಲಿಗೆ ಮುಗಿಯಲು ಬಿಡದವರು ಆಲ್ಫಾನ್ಸ್ ಚಪಾನಿಸ್. ಓಹಾಯೋದ ರೈಟ್ ಫೀಲ್ಡ್ ವಾಯುನೆಲೆಯಲ್ಲಿ ಕೆಲಸಕ್ಕೆ ಸೇರಿದ್ದ ಮನಃಶಾಸ್ತ್ರಜ್ಞ. ಮೂವತ್ತು ಇನ್ನೂ ತುಂಬಿರಲಿಲ್ಲ. ಅವರು ಪೈಲಟ್‌ಗಳ ಮನಸ್ಸನ್ನು ಕೆದಕುವ ಬದಲು ಕಾಕ್‌ಪಿಟ್‌ನೊಳಗೆ ಕಣ್ಣು ಹಾಯಿಸಿದರು. ಚಕ್ರದ ಸ್ವಿಚ್ಚು, ಫ್ಲ್ಯಾಪಿನ ಸ್ವಿಚ್ಚು ಎರಡೂ ಪಕ್ಕಪಕ್ಕದಲ್ಲಿದ್ದವು, ಎರಡೂ ಒಂದೇ ಆಕಾರದವು. ದಣಿದ ಕೈ ಕತ್ತಲಲ್ಲಿ ಯಾವುದನ್ನು ಹಿಡಿದೀತು? ಚಪಾನಿಸ್ ಸೂಚಿಸಿದ ಮದ್ದು ಮಕ್ಕಳಾಟದಂತಿತ್ತು: ಚಕ್ರದ ಹಿಡಿಕೆಯ ತುದಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡು. ಕಣ್ಣು ನೋಡದಿದ್ದರೂ ಬೆರಳು ಓದಿಕೊಳ್ಳುತ್ತದೆ. ಇಂದಿಗೂ ಅಮೆರಿಕದ ವಿಮಾನಯಾನ ನಿಯಮಗಳು ಈ ಎರಡು ಹಿಡಿಕೆಗಳ ಆಕಾರವನ್ನು ಚಿತ್ರಸಮೇತ ವಿಧಿಸುತ್ತವೆ.

ಇದೇ ಸಾಲಿನಲ್ಲಿ 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಒಂದು ವರದಿ ಬರೆದರು. ‘ಪೈಲಟ್‌ನ ತಪ್ಪು’ ಎನ್ನಲಾದ 460 ಅನುಭವಗಳ ವಿಶ್ಲೇಷಣೆ ಅದು. ನಾನು ಅದನ್ನು ಓದಿದ್ದು ಸಂಶೋಧನೆಗೆಂದೇ ಆದರೂ ಕೆಳಗಿಡಲಾಗದೆ ಓದಿದೆ. ಸುಮಾರು ಅರ್ಧದಷ್ಟು ಪ್ರಕರಣಗಳು ಒಂದು ಹಿಡಿಕೆಯೆಂದು ಇನ್ನೊಂದನ್ನು ಹಿಡಿದವು. ಕಾರಣವೂ ಅಲ್ಲೇ ಇದೆ. ಬಿ-25 ವಿಮಾನದಲ್ಲಿ ಎಡದಿಂದ ಮೊದಲು ಥ್ರಾಟಲ್, ಆಮೇಲೆ ಪ್ರೊಪೆಲ್ಲರ್; ಸಿ-47ರಲ್ಲಿ ಮೊದಲು ಪ್ರೊಪೆಲ್ಲರ್, ಆಮೇಲೆ ಥ್ರಾಟಲ್. ನಿನ್ನೆ ಅದನ್ನು ಹಾರಿಸಿದವನು ಇಂದು ಇದನ್ನು ಹಾರಿಸಬೇಕು. ವರದಿಯ ಶೀರ್ಷಿಕೆಯಲ್ಲಿ ‘ಪೈಲಟ್‌ನ ತಪ್ಪು’ ಎಂಬ ಮಾತಿಗೆ ಉದ್ಧರಣ ಚಿಹ್ನೆ ಹಾಕಿದ್ದಾರೆ. ನನ್ನ ಮಟ್ಟಿಗೆ ಮನುಷ್ಯಕೇಂದ್ರಿತ ವಿನ್ಯಾಸದ ಇತಿಹಾಸ ಶುರುವಾಗುವುದು ಆ ಚಿಹ್ನೆಯಿಂದ. ತಪ್ಪು ಯಾರದೆಂದು ತೀರ್ಮಾನಿಸುವ ಅಧಿಕಾರ ಅಲ್ಲಿ ಮೊದಲ ಸಲ ಅಲುಗಾಡುತ್ತದೆ.

ಯುದ್ಧ ಮುಗಿಯಿತು, ಯಂತ್ರಗಳು ಕಚೇರಿಗೆ ಬಂದವು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಜನ ನಕಲು ಯಂತ್ರದೊಂದಿಗೆ ಗುದ್ದಾಡುವುದನ್ನು ಚಿತ್ರೀಕರಿಸಿದರು. ಕಾಗದದ ಎರಡೂ ಬದಿ ನಕಲು ತೆಗೆಯಲಾಗದೆ ತಲೆ ಕೆಡಿಸಿಕೊಂಡವರಲ್ಲಿ ಹೆಸರಾಂತ ಕಂಪ್ಯೂಟರ್ ವಿಜ್ಞಾನಿಗಳೂ ಇದ್ದರು. ಅವರನ್ನು ದಡ್ಡರೆನ್ನಲು ಯಾರಿಗೂ ಧೈರ್ಯವಿರಲಿಲ್ಲ!

ಆದರೆ ಹಿಡಿಕೆಗೆ ಸಿಕ್ಕ ರಬ್ಬರ್ ಚಕ್ರದ ಭಾಗ್ಯ ಕಂಪ್ಯೂಟರಿಗೆ ಸಿಕ್ಕಿರಲಿಲ್ಲ. ಅದರ ಒಳಗಿನ ಸಂಗತಿಗಳಿಗೆ ಆಕಾರವೇ ಇಲ್ಲ. 1992ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಡರೆಲ್ ಬಿಷಪ್ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅದೊಂದು ಫೋನ್ ಸಂದೇಶ ಯಂತ್ರದ ಕಲ್ಪನೆ. ಯಾರಾದರೂ ಸಂದೇಶ ಬಿಟ್ಟರೆ ಯಂತ್ರದಿಂದ ಒಂದು ಗೋಲಿ ಉರುಳಿ ಬರುತ್ತದೆ. ಮನೆಗೆ ಬಂದವರು ಗೋಲಿ ಎಣಿಸಿದರೆ ಎಷ್ಟು ಸಂದೇಶವಿದೆಯೆಂದು ತಿಳಿಯುತ್ತದೆ. ಗೋಲಿಯನ್ನೆತ್ತಿ ಒಂದು ಗುಳಿಯಲ್ಲಿಟ್ಟರೆ ಧ್ವನಿ ಕೇಳುತ್ತದೆ. ಫೋನಿನ ಮೇಲಿಟ್ಟರೆ ಸಂದೇಶ ಬಿಟ್ಟವರಿಗೇ ಕರೆ ಹೋಗುತ್ತದೆ. ಅಕ್ಷರ ಬಾರದ ಅಜ್ಜಿಗೂ ಗೋಲಿ ಎಣಿಸಲು ಬರುತ್ತದಲ್ಲ. ಈ ಯಂತ್ರ ಅಂಗಡಿಗೆ ಬರಲೇ ಇಲ್ಲ, ಆದರೂ ಎಂಐಟಿಯ ಹಿರೋಷಿ ಇಶಿಯಿ ಮಾಹಿತಿಯನ್ನು ಕೈಗೆ ಸಿಗುವಂತೆ ಮಾಡುವ ತಮ್ಮ 1997ರ ಪ್ರಬಂಧದಲ್ಲಿ ಇದನ್ನು ನೆನೆದಿದ್ದಾರೆ.

ಗೋಲಿಯಂಥದ್ದನ್ನು ಕಲ್ಪಿಸುವುದು ಸುಲಭ, ಕಟ್ಟುವುದು ಕಷ್ಟ. ವಿನ್ಯಾಸ ಕಲಿತವರಿಗೆ ಎಲೆಕ್ಟ್ರಾನಿಕ್ಸ್ ಬಾರದು, ಆಗ ಸಿಗುತ್ತಿದ್ದ ಮೈಕ್ರೋಕಂಟ್ರೋಲರ್ ಹಲಗೆಗಳು ವಿದ್ಯಾರ್ಥಿಗಳಿಗೆ ದುಬಾರಿ. ಟೈಪ್‌ರೈಟರ್ ಕಂಪನಿ ಒಲಿವೆಟ್ಟಿಯ ಊರಾದ ಇಟಲಿಯ ಇವ್ರಿಯಾದಲ್ಲಿ ಒಂದು ಇಂಟರ್‌ಆ್ಯಕ್ಷನ್ ಡಿಸೈನ್ ಸಂಸ್ಥೆಯಿತ್ತು. ಅಲ್ಲಿ ಕೊಲಂಬಿಯಾದಿಂದ ಬಂದಿದ್ದ ಎರ್ನಾಂಡೊ ಬರಗಾನ್ ಎಂಬ ವಿದ್ಯಾರ್ಥಿ 2003ರಲ್ಲಿ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ಹಲಗೆಯನ್ನೂ ಅದನ್ನು ನಡೆಸುವ ಸರಳ ಭಾಷೆಯನ್ನೂ ಕಟ್ಟಿದರು. ಮಾರ್ಗದರ್ಶಕರು ಮಾಸ್ಸಿಮೊ ಬಾಂಝಿ ಮತ್ತು ಕೇಸಿ ರಿಯಾಸ್. ಚಿಪ್ಪಿನ ಒಳಗುಟ್ಟು ತಿಳಿಯದವರೂ ನಾಲ್ಕು ಸಾಲು ಬರೆದು ದೀಪ ಮಿನುಗಿಸಬಹುದಿತ್ತು. 2005ರಲ್ಲಿ ಬಾಂಝಿ ಮತ್ತು ಸಂಗಡಿಗರು ಅಗ್ಗದ ಚಿಪ್ ಬಳಸಿ ಇನ್ನೊಂದು ಹಲಗೆ ಮಾಡಿದರು. ಊರಿನ ಒಂದು ಬಾರಿನ ಹೆಸರೇ ಅದಕ್ಕೂ ಬಂತು: ಆರ್ಡುಯಿನೊ. ಬಾರಿಗೆ ಆ ಹೆಸರು ಬಂದದ್ದು 1002ರಲ್ಲಿ ಇಟಲಿಯ ದೊರೆಯಾದ ಆರ್ಡುಯಿನ್‌ನಿಂದ.

ಹಲಗೆ ಜಗತ್ತನ್ನು ಸುತ್ತಿತು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಅದರ ನಕಲುಗಳು ಸಿಗುತ್ತವೆ. ವಿನ್ಯಾಸವೇ ಮುಕ್ತವಾದ್ದರಿಂದ ಅದು ಕಳ್ಳತನವೂ ಅಲ್ಲ. ಆದರೆ ಆರ್ಡುಯಿನೊದ ಹುಟ್ಟಿನ ಕಥೆ ಹೇಳುವವರು ಬಹುಕಾಲ ಬಾರನ್ನು ನೆನೆದರು, ರಾಜನನ್ನು ನೆನೆದರು, ಬರಗಾನ್ ಅವರನ್ನು ಅಡಿಟಿಪ್ಪಣಿಗೆ ತಳ್ಳಿದರು. ಕೊನೆಗೆ 2016ರಲ್ಲಿ ಅವರೇ ತಮ್ಮ ಕಡೆಯ ಕಥೆಯನ್ನು ದಾಖಲೆಗಳ ಸಮೇತ ಬರೆದು ಪ್ರಕಟಿಸಬೇಕಾಯಿತು. ಪಿಎಚ್‌ಡಿ ವಿದ್ಯಾರ್ಥಿಯೊಬ್ಬರು ಇದನ್ನು ನಿರಾಳವಾಗಿ ಓದುವುದು ಸಾಧ್ಯವಿಲ್ಲ. ಪೈಲಟ್‌ನಿಂದ ತಪ್ಪಿನ ಭಾರ ಇಳಿಸಿದ ಇದೇ ಶಾಸ್ತ್ರ ತನ್ನದೇ ವಿದ್ಯಾರ್ಥಿಯ ಶ್ರೇಯಸ್ಸಿನ ಲೆಕ್ಕದಲ್ಲಿ ಇಷ್ಟು ಜಿಪುಣವಾದದ್ದೇಕೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇವತ್ತು ಮೊದಲ ಸಲ ಹಲಗೆ ಹಿಡಿದ ಹುಡುಗಿ ಎಲ್‌ಇಡಿ ಮಿನುಗಿಸಲು ಟೈಪ್ ಮಾಡುವ ‘ಪಿನ್‌ಮೋಡ್’, ‘ಡಿಜಿಟಲ್‌ರೈಟ್’ ಎಂಬ ಆದೇಶಗಳು ವೈರಿಂಗ್‌ನಿಂದಲೇ ಬಂದವು.