ಉತಾರದ ಖಾಲಿ ಮನೆಗಳು

ಊರ ಹೊಲಗಳ ಲೆಕ್ಕ ಬರೆಯುವ ತಲಾಟಿಗಳಲ್ಲಿ ಕೆಲಸ ಬಲ್ಲವರು 4 ಎಕರೆ 3 ಗುಂಟೆ ಹೊಲವನ್ನು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 4-03 ಎಂದೇ ಬರೆಯುತ್ತಿದ್ದರು. ಬರೀ 4-3 ಎಂದು ಬಿಟ್ಟರೆ ಆ ಮೂರರ ಬಲಕ್ಕೆ ಯಾರಾದರೂ ಒಂದು ಸೊನ್ನೆ ಸುತ್ತಬಹುದು. ಹೊಲ 4-30 ಆಗುತ್ತದೆ. ಕಾಗದದ ಮೇಲೆ 27 ಗುಂಟೆ ಹುಟ್ಟಿಕೊಳ್ಳುತ್ತದೆ. ಆ ಎಡಗಡೆಯ ಸೊನ್ನೆ ಹೊಲ ಕಾಯುವ ಸೊನ್ನೆ.

ಸಾಲದ ಲೆಕ್ಕದ ಫೈಲುಗಳನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವುದು ನನ್ನ ಕೆಲಸ. ಹುನಗುಂದದ ಒಕ್ಕಲು ಮನೆಯಲ್ಲಿ ಹುಟ್ಟಿದವನಾದ್ದರಿಂದ ಆ ಕೆಲಸದಲ್ಲೂ ಇರುವ ಈ ಸೊನ್ನೆಯ ಕಟ್ಟಳೆ ನನಗೆ ಹೊಸದೆನಿಸಲಿಲ್ಲ. ಇಂಥ ಸಾದಾ ಫೈಲಿನಲ್ಲಿ ಗೆರೆ ಎಳೆದ ಕಾಲಂ ಇರುವುದಿಲ್ಲ. ಒಂದು ಸಾಲು ಒಬ್ಬ ರೈತನದು. ಮೊದಲ 4 ಸ್ಥಾನ ಸರ್ವೆ ನಂಬರಿಗೆ, 5ರಿಂದ 34ರವರೆಗೆ ಹೆಸರಿಗೆ, ಹೀಗೆ ಒಂದೊಂದಕ್ಕೂ ಒಂದು ಮನೆ ಎಂದು ಮೊದಲೇ ಕರಾರು ಆಗಿರುತ್ತದೆ. ಹೆಸರು ಸಣ್ಣದಾದರೆ ಬಲಕ್ಕೆ ಖಾಲಿ ಜಾಗ ತುಂಬಬೇಕು, ಅಂಕಿ ಸಣ್ಣದಾದರೆ ಎಡಕ್ಕೆ ಸೊನ್ನೆ. ಸರ್ವೆ ನಂಬರು 45 ಇದ್ದರೆ 0045. ಆ ಎರಡು ಸೊನ್ನೆ ಬಿಟ್ಟಿರೋ, ಇಡೀ ಸಾಲು ಎಡಕ್ಕೆ ಸರಿದು ಹೆಸರಿನ ತಲೆ ಸರ್ವೆ ನಂಬರಿನೊಳಗೆ ಹೋಗಿ ಕೂಡ್ರುತ್ತದೆ. 1928ರಲ್ಲಿ ಐಬಿಎಂ ತಂದ 80 ಕಾಲಂಗಳ ರಂಧ್ರಕಾರ್ಡಿನಲ್ಲೂ ಇದೇ ಶಿಸ್ತು ಇತ್ತು.

ನಮ್ಮ ಸೀಮೆಯಲ್ಲಿ ಈ ಶಿಸ್ತು ಇನ್ನೂ ಹಳೆಯದು. ಬಾಗಲಕೋಟೆ, ಬಾದಾಮಿ, ಹುನಗುಂದ 1885ರ ಮೊದಲು ಕಲಾದಗಿ ಜಿಲ್ಲೆಯ ತಾಲ್ಲೂಕುಗಳು. ಆ ವರ್ಷ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. ಈ ತಾಲ್ಲೂಕುಗಳಿದ್ದ ಮುಂಬೈ ಪ್ರಾಂತದ ಜಮೀನು ಮೋಜಣಿಗೆ ಕಟ್ಟಳೆ ಹಾಕಿದ್ದು ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದ ಬ್ರಿಟಿಷ್ ಅಧಿಕಾರಿಗಳ 1847ರ ಜಂಟಿ ವರದಿ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ; 40 ಗುಂಟೆಗೆ ಎಕರೆ; ಗುಂಟೆಗೆ 16 ಆಣೆ. ಹಾಗಾಗಿ ಗುಂಟೆಯ ಮನೆಯಲ್ಲಿ 39ಕ್ಕಿಂತ ದೊಡ್ಡ ಅಂಕಿ ಕೂಡ್ರುವಂತಿಲ್ಲ. ಎರಡು ಸ್ಥಾನ ಸಾಕು, ಆದರೆ ಎರಡೂ ಬೇಕು.

2000ದ ಸುಮಾರಿಗೆ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ‘ಭೂಮಿ’ ಯೋಜನೆ ತಾಲ್ಲೂಕು ತಾಲ್ಲೂಕಿಗೂ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕ ಸೇರಿದವು, 15 ರೂಪಾಯಿಗೆ ಉತಾರ ಕೈಗೆ ಸಿಗತೊಡಗಿತು. ಇದನ್ನು ನಾನು ಸಣ್ಣ ಕೆಲಸ ಎನ್ನಲಾರೆ. ‘ಭೂಮಿ’ಯಲ್ಲಿ ಹೊಲದ ಗುರುತಿಗೆ ಮೂರು ಮನೆ: ಸರ್ವೆ ನಂಬರು, ಸರ್ನೋಕ್ ಎಂಬ ಉಪಗುರುತು, ಪಾಲು ತಿಳಿಸುವ ಹಿಸ್ಸಾ. ನಡುವಿನದು ಇಲ್ಲದಿದ್ದರೆ ಅಲ್ಲೊಂದು ಸ್ಟಾರು: 45/*/2. ಇಲ್ಲ ಎಂಬುದನ್ನೂ ಬರೆದಿಡುವ ಈ ಗುರುತನ್ನು ಎಷ್ಟೋ ಜನ ಕಸವೆಂದು ಬಿಟ್ಟು ಅರ್ಜಿಯಲ್ಲಿ 45/2 ಎಂದು ತುಂಬುತ್ತಾರೆ. ಆ 2 ಯಾವ ಮನೆಯದೆಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ನನಗೆ ನಿಜವಾಗಿ ಸಂಕಟವಾಗುವುದು ಹೆಸರಿನ ಮನೆಯಲ್ಲಿ. ‘ಲಕ್ಷ್ಮೀಬಾಯಿ’ ಕಣ್ಣಿಗೆ ನಾಲ್ಕೇ ಅಕ್ಷರ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನ ಲೆಕ್ಕಕ್ಕೆ ಒತ್ತು, ಇಳಿ, ಗುಡಿಸು ಎಲ್ಲ ಬಿಡಿಸಿ ಹನ್ನೊಂದು ಸಂಕೇತ. ಅವನ್ನು ಗಣಕದಲ್ಲಿ ಇಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 33. ಮನೆಯ ಅಳತೆ 30 ಬೈಟು ಎಂದಿದ್ದರೆ ಕೊನೆಯ ಗುಡಿಸು ಬಿದ್ದು ‘ಲಕ್ಷ್ಮೀಬಾಯ’ ಉಳಿಯುತ್ತದೆ. ತಂದೆಯ ಹೆಸರು, ಅಡ್ಡಹೆಸರಿಗೆ ಜಾಗವೇ ಇಲ್ಲ. ಇಂಗ್ಲಿಷಿನಲ್ಲಾದರೆ ಅದೇ ಹೆಸರು 10 ಬೈಟಿನಲ್ಲಿ ಮುಗಿಯುತ್ತದೆ. ಅಳತೆ ಇಟ್ಟವರು ಇಂಗ್ಲಿಷ್ ಹೆಸರು ನೋಡಿ ಇಟ್ಟರು. ಅದರ ದಂಡ ಕಟ್ಟುವವಳು ಪಾಸ್‌ಬುಕ್ಕಿಗೂ ಉತಾರಕ್ಕೂ ಹೆಸರು ಕೂಡದೆ ಬೆಳೆಹಾನಿ ಪರಿಹಾರಕ್ಕೆ ಅಲೆಯುವ ಹೆಣ್ಣುಮಗಳು. ಕನ್ನಡ ಬಲ್ಲವರನ್ನು ಕೂಡ್ರಿಸಿಕೊಂಡು ಮನೆಯ ಅಳತೆ ಇಡಬೇಕು ಎಂದು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ವಿಳಾಸದ ಮನೆಯೂ ಹಾಗೇ ನಿಲ್ಲಲಿಲ್ಲ: 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಆಮೇಲೆ ಹುನಗುಂದದಿಂದ ಇಳಕಲ್ಲು, ಬಾದಾಮಿಯಿಂದ ಗುಳೇದಗುಡ್ಡ ತಾಲ್ಲೂಕಾಗಿ ಬೇರೆಯಾದವು. ಹೊಲ ಕದಲದಿದ್ದರೂ ಅದರ ವಿಳಾಸ ಬದಲಾಯಿತು. ಮನೆಯ ಪೆಟ್ಟಿಗೆಯಲ್ಲಿ ತಲಾಟಿಯ ಕೈಬರಹದ ಹಳೆಯ ಉತಾರ ಇದ್ದರೆ ಎಸೆಯಬೇಡಿ. ಗಣಕದ ಪಹಣಿಯ ಪಕ್ಕಕ್ಕಿಟ್ಟು ಹೆಸರು, ಹಿಸ್ಸಾ, ಗುಂಟೆ ತಾಳೆ ನೋಡಿ. ಒಂದು ಗುಡಿಸು ತಪ್ಪಿದ್ದರೂ ತಹಸೀಲ್ದಾರ ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಿ.