ರೀಡ್ ಸೆನ್ಸರ್: ಜೋಪಾನ ಮತ್ತು ಅಳವಡಿಕೆ

ಅಯಸ್ಕಾಂತ ಹತ್ತಿರ ಬಂದಾಗ ವಿದ್ಯುತ್ ಮಂಡಲವನ್ನು ಕೂಡಿಸಿ, ದೂರ ಸರಿದಾಗ ಕಡಿಯುವ ಸಂವೇದಕವೇ ರೀಡ್ ಸೆನ್ಸರ್. ಇದರ ಒಳಗಿನ ಸ್ವಿಚ್ಚನ್ನು 1936ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ರೂಪಿಸಿದ. ಅಲಾರಂ ಜೋಡಿಸಿದ ಬಾಗಿಲು, ನ್ಯೂಮ್ಯಾಟಿಕ್ ಸಿಲಿಂಡರ್, ಟ್ಯಾಂಕಿನ ಫ್ಲೋಟ್, ಮಳೆಮಾಪಕ, ಸೈಕಲ್ಲಿನ ಸ್ಪೀಡೋಮೀಟರ್ ಮೊದಲಾದ ಕಡೆ ಇದು ಕೇಬಲ್ ಸಮೇತ ಬಳಕೆಯಲ್ಲಿದೆ. ಸರಿಯಾಗಿ ಕೂರಿಸಿದರೆ ಹಗುರ ಹೊರೆಯ ಮೇಲೆ ಕೋಟಿಗಟ್ಟಲೆ ಸಲ ತೆರೆದು ಮುಚ್ಚಬಲ್ಲ ಈ ಸಾಧನ ಕೆಡುವುದು ಬಹುಪಾಲು ಜೋಡಿಸುವವರ ಕೈಯಲ್ಲೇ.

ಜಡ ಅನಿಲ ತುಂಬಿ ಮುಚ್ಚಿದ ಪುಟ್ಟ ಗಾಜಿನ ಕೊಳವೆಯಲ್ಲಿ ನಿಕ್ಕಲ್-ಕಬ್ಬಿಣದ ಎರಡು ತೆಳು ಪಟ್ಟಿಗಳು ತುದಿಗೆ ತುದಿ ತುಸು ಹೊದ್ದುಕೊಂಡಂತೆ, ಕೂದಲೆಳೆಯಷ್ಟು ಅಂತರ ಬಿಟ್ಟು ನಿಂತಿರುತ್ತವೆ. ತುದಿಗಳಿಗೆ ರೋಡಿಯಂ ಅಥವಾ ರುಥೇನಿಯಂ ಲೇಪವಿರುತ್ತದೆ. ಹೊರಗೆ ಚಾಚಿದ ಕಡ್ಡಿಗಳು ಇದೇ ಪಟ್ಟಿಗಳ ಮುಂದುವರಿಕೆ. ವಿದ್ಯುತ್ತಿನ ಜೊತೆಗೆ ಕಾಂತಬಲವನ್ನೂ ಅವೇ ಒಯ್ಯುತ್ತವೆ. ಹಾಗಾಗಿ ಕಡ್ಡಿಯನ್ನು ಗಿಡ್ಡ ಮಾಡಿದರೆ ಅಥವಾ ಬಾಗಿಸಿದರೆ ಸ್ವಿಚ್ಚಿನ ಸೂಕ್ಷ್ಮತೆಯೇ ಬದಲಾಗಿ, ಅದನ್ನು ಎಳೆಯಲು ಅಯಸ್ಕಾಂತ ಇನ್ನಷ್ಟು ಹತ್ತಿರ ಬರಬೇಕಾಗುತ್ತದೆ. ಬಾಗಿಸಲೇಬೇಕಾದಾಗ ಗಾಜಿಗೂ ಬಾಗುವ ಜಾಗಕ್ಕೂ ನಡುವೆ ಇಕ್ಕಳದಿಂದ ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲವಾದರೆ ಕಡ್ಡಿ ಗಾಜನ್ನು ಸೇರುವಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡಿ, ಒಳಕ್ಕೆ ಗಾಳಿ ಸೇರುತ್ತದೆ. ಬೆಸುಗೆ ಹಾಕುವಾಗಲೂ ಅದೇ ಇಕ್ಕಳ ಶಾಖವನ್ನು ಹೀರಿಕೊಂಡು ಗಾಜನ್ನು ಕಾಯುತ್ತದೆ. ಸುಮಾರು 30 ಸೆಂ.ಮೀ.ಗಿಂತ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದ ಬಿಡಿ ಸ್ವಿಚ್ಚನ್ನು, ಗಾಜು ನೆಟ್ಟಗಿದ್ದರೂ, ಪರೀಕ್ಷಿಸದೆ ಬಳಸಬಾರದು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯುವುದಂತೂ ಸಲ್ಲದು.

ಪ್ಲಾಸ್ಟಿಕ್ ಕವಚದೊಳಗಿನ ಸೆನ್ಸರಿಗೆ ಈ ಭಯ ಕಡಿಮೆ, ಆದರೆ ಇಲ್ಲವೆಂದಲ್ಲ. ಸ್ಕ್ರೂ ಅತಿಯಾಗಿ ಬಿಗಿದರೆ ಕವಚ ಸೊಟ್ಟಗಾಗಿ ಒತ್ತಡ ಗಾಜಿಗೆ ತಲುಪುತ್ತದೆ. ತೂತು ಚಿಕ್ಕದಾಯಿತೆಂದು ಸುತ್ತಿಗೆಯಿಂದ ತಟ್ಟಿ ಕೂರಿಸಿದರೂ ಅಷ್ಟೇ. ಕಬ್ಬಿಣದ ಚೌಕಟ್ಟು ಕಾಂತಕ್ಷೇತ್ರವನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಅಲ್ಲಿ ಹಿತ್ತಾಳೆ ಸ್ಕ್ರೂ ಮತ್ತು ಪ್ಲಾಸ್ಟಿಕ್ ತುಂಡಿನ ಆಸರೆ ಬೇಕು.

ಸೆನ್ಸರನ್ನು ಕೇಬಲ್ ಹಿಡಿದು ಎತ್ತುವುದು, ಎಳೆಯುವುದು ಎಲ್ಲೆಡೆ ಕಾಣುವ ಕೆಟ್ಟ ಅಭ್ಯಾಸ. ಕೇಬಲ್ ಹೊರಬೀಳುವ ಜಾಗದಲ್ಲೇ ಮಡಿಸದೆ, ತುಸು ಸಡಿಲ ಬಿಟ್ಟು, ಆಮೇಲೆ ಕಟ್ಟಬೇಕು. ಅಲುಗಾಡುವ ಭಾಗಗಳಲ್ಲಿ ಈ ಸಡಿಲವೇ ತಂತಿಯ ಆಯುಷ್ಯ. ಬಯಲಿನಲ್ಲಿ ಅಳವಡಿಸುವಾಗ ಕೇಬಲ್ಲನ್ನು ಕೆಳಕ್ಕೆ ಜೋಲಿಸಿ ಮೇಲೇರಿಸಿದರೆ ನೀರು ಅಲ್ಲೇ ತೊಟ್ಟಿಕ್ಕಿ, ಸೆನ್ಸರಿನತ್ತ ಹರಿಯುವುದಿಲ್ಲ.

ವಿದ್ಯುತ್ತಿನಿಂದಾಗುವ ಹಾನಿ ಇನ್ನೂ ಬೇಗ. ಎರಡು ತಂತಿಯ ರೀಡ್ ಸೆನ್ಸರನ್ನು ನಡುವೆ ಹೊರೆಯಿಲ್ಲದೆ ನೇರ 24 ವೋಲ್ಟಿಗೆ ಸೇರಿಸಿದರೆ ಮೊದಲ ಸಲ ಮುಚ್ಚಿದೊಡನೆಯೇ ಅದು ಸುಟ್ಟೀತು. ತಣ್ಣಗಿರುವ ಬಲ್ಬಿನ ತಂತು ಮೊದಲ ಕ್ಷಣದಲ್ಲಿ ಸುಮಾರು ಹತ್ತು ಪಟ್ಟು ಕರೆಂಟ್ ಎಳೆಯುವುದರಿಂದ ಟೆಸ್ಟ್ ಲ್ಯಾಂಪ್ ಬೇಡ, ಮಲ್ಟಿಮೀಟರ್ ಸಾಕು. ರಿಲೇ ಕಾಯಿಲ್ ಡಿ.ಸಿ.ಯಲ್ಲಿ ನಡೆಯುವುದಾದರೆ ಅದಕ್ಕೆ ಅಡ್ಡಲಾಗಿ ಡಯೋಡ್ ಹಾಕಬೇಕು. ಉದ್ದದ ಕೇಬಲ್ ತಾನೇ ಒಂದು ಕೆಪಾಸಿಟರಿನಂತೆ ವರ್ತಿಸಿ, ಸ್ವಿಚ್ ಮುಚ್ಚಿದಾಗ ಕೂಡಿಟ್ಟ ವಿದ್ಯುದಾವೇಶವನ್ನು ಒಮ್ಮೆಲೇ ಸುರಿಯುತ್ತದೆ. ಸ್ವಿಚ್ಚಿನ ಪಕ್ಕದಲ್ಲೇ ಸರಣಿಯಾಗಿ ಸೇರಿಸಿದ ರೆಸಿಸ್ಟರ್ ಅದನ್ನು ತಗ್ಗಿಸುತ್ತದೆ.

ಅಯಸ್ಕಾಂತ ದೂರವಾದರೂ ಮುಚ್ಚಿಯೇ ಇದ್ದು, ಬೆರಳಿನಿಂದ ತಟ್ಟಿದಾಗ ಬಿಡುವ ಸ್ವಿಚ್ಚಿನ ತುದಿಗಳು ಕಿಡಿಯ ಶಾಖಕ್ಕೆ ಕರಗಿ ಅಂಟತೊಡಗಿವೆ ಎಂದು ಶಂಕಿಸಬೇಕು. ಅದನ್ನು ಬದಲಿಸಬೇಕು, ಹೊಸದನ್ನು ಹಾಕುವ ಮುನ್ನ ಹೊರೆಯ ಕರೆಂಟನ್ನು ಅಳೆದು ನೋಡಬೇಕು.