ಹಳೇ ಪಿಸಿಗೆ ನೀರುಗಂಟಿ ಕೆಲಸ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೆರೆ ನೀರಿನ ಉಸ್ತುವಾರಿ ನೀರುಗಂಟಿಯದು. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು ಅನ್ನೋದನ್ನ ಅವನೇ ನೋಡಿಕೊಳ್ಳುತ್ತಿದ್ದ. ಮನೆಯ ಇಂಟರ್ನೆಟ್ಟಿಗೆ ಅಂಥ ಕಾವಲು ಫೈರ್‌ವಾಲ್. ಮೂಲೆ ಸೇರಿದ ಪಿಸಿಗೆ ಎರಡು ನೆಟ್‌ವರ್ಕ್ ಪೋರ್ಟ್ ಇದ್ದರೆ ಸಾಕು: ಒಂದು ಮೋಡೆಮ್ ಕಡೆಗೆ, ಇನ್ನೊಂದು ಮನೆಯ ವೈಫೈ ಕಡೆಗೆ. ಒಳಗಿನವರು ಕೇಳದೆ ಹೊರಗಿನಿಂದ ಬಂದದ್ದನ್ನು ಅದು ಬಾಗಿಲಲ್ಲೇ ತಡೆಯುತ್ತೆ.

2003ರಲ್ಲಿ ಸ್ವಿಟ್ಜರ್ಲೆಂಡಿನ ಮಾನುಯೆಲ್ ಕಾಸ್ಪರ್ ಇದಕ್ಕಾಗಿ ಮೋನೋವಾಲ್ ಎಂಬ ಉಚಿತ ತಂತ್ರಾಂಶ ಹೊರತಂದರು. ಅದಕ್ಕೆ 64 ಎಂಬಿ ಮೆಮೊರಿ ಸಾಕಿತ್ತು. 2004ರಲ್ಲಿ ಅದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು, ಅದರಿಂದ ಮುಂದೆ ಓಪನ್‌ಸೆನ್ಸ್. 2015ರಲ್ಲಿ ಮೋನೋವಾಲ್ ನಿಲ್ಲಿಸಿದ ಕಾಸ್ಪರ್, ತಮ್ಮ ಬಳಕೆದಾರರಿಗೆ ಓಪನ್‌ಸೆನ್ಸ್ ಕಡೆ ಕೈತೋರಿಸಿದರು. 2017ರಲ್ಲಿ ಪಿಎಫ್‌ಸೆನ್ಸ್ 2.4 ಬಂದಾಗ 32-ಬಿಟ್ ಪಿಸಿಗಳನ್ನು ಕೈಬಿಟ್ಟಿತು.

ಈ ಇತಿಹಾಸ ಹೇಳೋದಿಷ್ಟೇ: ಪಿಸಿ ಹಳೇದಾದ್ರೂ ಪರವಾಗಿಲ್ಲ, ತಂತ್ರಾಂಶ ಹಳೇದಾಗಬಾರದು. ಅಪ್‌ಡೇಟ್ ನಿಂತ ಫೈರ್‌ವಾಲ್ ಅಂದ್ರೆ ನೀರುಗಂಟಿ ಇಲ್ಲದ ತೂಬು. ಹಾಗಾಗಿ ನಿಮ್ಮ ಪಿಸಿ 64-ಬಿಟ್ಟಾ ಅಂತ ಮೊದಲು ನೋಡಿ. ಕರೆಂಟ್ ಲೆಕ್ಕವನ್ನೂ ಹಾಕಿ: 50 ವಾಟ್ ಎಳೆಯೋ ಪಿಸಿ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. ಎರಡೂ ಒಪ್ಪಿಗೆಯಾದರೆ, ಗುಜರಿಗೆ ಹಾಕೋ ಮುಂಚೆ ಅದಕ್ಕೊಂದು ಕೆಲಸ ಕೊಡಿ.